ಗಾಳಿ ಸೋತ ವರ್ಷದ ಎಣ್ಣೆ

ಸಮುದ್ರದ ಬಗ್ಗೆ ಪತ್ರಿಕೆಯಲ್ಲಿ ಏನು ಬಂದರೂ ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಮನೆಯವರಿಗೆ ಇದು ಮುದುಕನ ಹುಚ್ಚು. ಬೀದರದಂಥ ಬಯಲು ಗುಡ್ಡದ ಮೇಲೆ ಕೂತವನಿಗೆ ಸಮುದ್ರದ ಗೊಡವೆ ಯಾಕೆ ಎಂದು ಮೊಮ್ಮಗ ನಗುತ್ತಾನೆ. ನಗಲಿ, ಅವನಿಗೇನು ಗೊತ್ತು. ಮೊನ್ನೆಯೂ ಒಂದು ಸುದ್ದಿ ಬಂದಿತ್ತು. ಅರಬ್ಬಿ ಸಮುದ್ರದ ಮೇಲ್ನೀರು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆಯಂತೆ. ಮುಂಗಾರಿನ ಗಾಳಿ ಹಿಂದಿನ ಹಾಗೆ ಹೊತ್ತಿಗೆ ಸರಿಯಾಗಿ ಬೀಸುತ್ತಿಲ್ಲ, ತಳದ ತಣ್ಣೀರು ಮೇಲೆ ಬರುವುದು ತಪ್ಪುತ್ತಿದೆ, ಬಲೆಗಳು ಬರಿದಾಗಿ ಬರುತ್ತಿವೆ ಎಂದು ಬರೆದಿದ್ದರು. ಅದರಲ್ಲಿ ಬರೆದದ್ದೆಲ್ಲ ನಿಜ. ಅದೇ ನಿಜವನ್ನು ನಾನು ಹಿಂದೊಮ್ಮೆ ಭಾಲ್ಕಿಯಲ್ಲಿ, ನನ್ನದೊಂದು ಸುಳ್ಳನ್ನು ಮುಚ್ಚಲು ಬಳಸಿದ್ದೆ.

ಆಗಿನ್ನೂ ಹೈದರಾಬಾದ ಸಂಸ್ಥಾನವಿತ್ತು. ಔರಾದದಲ್ಲಿ ಹುಟ್ಟಿ ಬೆಳೆದ ನಾನು ಭಾಲ್ಕಿಯ ಸರಕಾರಿ ಶಾಲೆಯಲ್ಲಿ ಭೂಗೋಳದ ಮೇಷ್ಟರಾಗಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ, ಪಕ್ಕದ ಹಳ್ಳಿ ಭಾತಂಬ್ರಾದ ಮಕ್ಕಳು ನನ್ನೆದುರು ಎದ್ದು ನಿಂತು ‘ಬಹರೆ ಅರಬ್’ ಎಂದು ಅರಬ್ಬಿ ಸಮುದ್ರದ ಹೆಸರು ಹೇಳಬೇಕಿತ್ತು. ಗೋಡೆಗೆ ತೂಗುಹಾಕುವ ಒಂದು ದೊಡ್ಡ ನಕ್ಷೆ ನನ್ನ ಹತ್ತಿರವಿತ್ತು. ಸಮುದ್ರಕ್ಕೆ ನೀಲಿ ಬಣ್ಣ, ಮುಂಗಾರಿನ ಗಾಳಿಗೆ ಕೆಂಪು ಬಾಣ. ನಾನು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ನೀರೆಂದರೆ ಮಳೆಗಾಲದ ಮಾಂಜ್ರಾ ಹೊಳೆ. ಆದರೂ ಸಮುದ್ರದ ಬಗ್ಗೆ ಬೆತ್ತ ಹಿಡಿದು ಗುಡುಗುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಧಿಮಾಕು ಆಗ ಬಹಳ ಇತ್ತು.

ನಮ್ಮ ಮನೆಯ ಎದುರು ಮನೆಯವನು ನಿಜವಾಗಿ ಸಮುದ್ರ ಕಂಡವನು. ಮುಂಬೈಯಿಂದ ಹೊರಡುವ ಜಹಾಜುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತ ಹದಿನೈದು ವರ್ಷ ಕಳೆದು, ಮೊಳಕೈವರೆಗೆ ಸುಟ್ಟ ಕಲೆಗಳನ್ನೂ ಒಂದು ಒಣ ಕೆಮ್ಮನ್ನೂ ಹೊತ್ತು ಊರಿಗೆ ಮರಳಿದ್ದ. ಊರೆಲ್ಲ ಅವನನ್ನು ಜಹಾಜಿ ಎಂದೇ ಕರೆಯುತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಅಂಗಡಿ. ಉಪ್ಪು, ಒಣಮೀನು, ಮೀನಿನ ಎಣ್ಣೆಯ ಬಾಟಲಿ, ಹಕೀಮರು ಕಣ್ಣಿನ ಸುರ್ಮಾಕ್ಕೆ ಅರೆಯುವ, ಸಮುದ್ರದ ನೊರೆ ಎನ್ನುವ ಬಿಳಿ ಚಿಪ್ಪು. ಅವನ ಹಳೆಯ ಜಹಾಜಿನ ಗೆಳೆಯನೊಬ್ಬ ಮಂಗಳೂರಿನ ಕಡೆಯ ಒಂದು ಮೀನುಗಾರ ಊರಿನಲ್ಲಿದ್ದು ಈ ಸರಕನ್ನು ಕಳಿಸುತ್ತಿದ್ದ. ಲಿಂಗಾಯತರಾದ ನಾವು ಆ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡೇ ದಾಟುತ್ತಿದ್ದೆವು. ಮನೆಗೆ ಬಂದ ಮೇಲೆ ಅವನು ಮುಸ್ಲಿಮನಾದರೂ ನೆರೆಯವನು, ಬೇರೆ ಲೆಕ್ಕ. ಅವನ ಹೆಂಡತಿಯೂ ನನ್ನ ಅವ್ವನೂ ಎದುರುಬದುರು ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನನ್ನ ಮಗಳು ಜಹಾಜಿಯ ಹೆಂಡತಿಯನ್ನು ಚಾಚಿ ಎಂದು ಕರೆಯುತ್ತ ಹಗಲೆಲ್ಲ ಅವರ ಮನೆಯಲ್ಲೇ ಇರುತ್ತಿದ್ದಳು.

ಜಹಾಜಿ ತನ್ನ ಮನೆಯ ಮಾಳಿಗೆಯ ಮೇಲೆ ಒಂದು ಬಿದಿರು ಗಳ ನೆಟ್ಟು ಅದರ ತುದಿಗೆ ಹಳೆ ಲುಂಗಿಯ ಚಿಂದಿ ಕಟ್ಟಿದ್ದ. ಆಷಾಢ ಬಂದರೆ ದಿನಕ್ಕೆ ಹತ್ತು ಸಲ ಅದನ್ನು ನೋಡುತ್ತಿದ್ದ. ಮಳೆಯ ಚಿಂತೆಯಿಂದಲ್ಲ, ಮೀನಿನ ಚಿಂತೆಯಿಂದ. ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ.

“ನಗಬ್ಯಾಡ್ರಿ ಮಾಸ್ತರ ಸಾಬ,” ಅಂದ. “ನಿಮ್ಮ ನಕ್ಷಾದಾಗ ದರಿಯಾ ಸುಮ್ಮ ಬಿದ್ಕೊಂಡದರಿ. ಖರೇ ದರಿಯಾ ಹಂಗಿರಂಗಿಲ್ಲ. ಆಷಾಢದಾಗ ಹವಾ ಜೋರ ಬೀಸ್ತಂದ್ರ ಮ್ಯಾಲಿನ ನೀರು ದಂಡಿ ಬಿಟ್ಟು ದೂರ ಸರೀತದ. ಜಾಗಾ ಖಾಲಿ ಆತಲ್ರಿ? ತಳದಾಗಿನ ಥಂಡಾ ನೀರು ಎದ್ದು ಬರ್ತದ. ಮೀನಿನ ಖಾನಾ ಎಲ್ಲಾ ಆ ಥಂಡಾ ನೀರಿನ್ಯಾಗೇ ಇರ್ತದ.”

“ಹವಾ ಬೀಸಲಿಲ್ಲಂದ್ರ?” ಎಂದು ಕೇಳಿದೆ.

“ನೀರು ಮಲಗ್ತದರಿ. ಮ್ಯಾಲ ಬೆಚ್ಚಗ, ಒಳಗ ಉಪವಾಸ.”

ಅದೇ ಗಾಳಿ ಸಮುದ್ರ ದಾಟಿ, ಘಟ್ಟ ಹತ್ತಿ ಇಳಿದು, ದಣಿದು ನಮ್ಮ ಭಾಲ್ಕಿಗೆ ಬಂದು ಈ ಚಿಂದಿಯನ್ನು ಅಲುಗಿಸುತ್ತದೆ ಎಂಬುದು ಅವನ ತಿಳಿವಳಿಕೆ. ನಮ್ಮಲ್ಲಿ ಚಿಂದಿ ಸತ್ತಂತೆ ಬಿದ್ದರೆ ಅಲ್ಲಿ ಬಲೆ ಬರಿದು. ನಾನು ಆಗ ನಂಬಿದ್ದೆನೋ ಇಲ್ಲವೋ, ನೆನಪಿಲ್ಲ. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಒಂದು ಆಗಸ್ಟಿನಲ್ಲಿ ಆ ಕರಾವಳಿಗೆ ಹೋಗಿ ಸಮುದ್ರದಲ್ಲಿ ಕೈ ಇಟ್ಟೆ. ದಡದ ಮರಳು ಬೆಚ್ಚಗಿತ್ತು, ನೀರು ಬಾವಿಯ ನೀರಿನಷ್ಟು ತಣ್ಣಗಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಲ್ಲೇ ಕೂತು ಮಕ್ಕಳ ಹಾಗೆ ಅತ್ತೆ.

ಇಂಗ್ಲಿಷರು ಹೋದ ವರ್ಷದ ಆಷಾಢದಲ್ಲಿ ಆ ಚಿಂದಿ ಅಲುಗಲೇ ಇಲ್ಲ. ಮೋಡ ಬಂದು ನಿಲ್ಲುತ್ತಿತ್ತು, ಸೆಕೆ ಇಳಿಯುತ್ತಿರಲಿಲ್ಲ. ಗಳದ ತುದಿಯಲ್ಲಿ ಚಿಂದಿ ಜೋತುಬಿದ್ದೇ ಇರುತ್ತಿತ್ತು. ಆ ವರ್ಷ ನಮ್ಮ ಕಡೆ ಯಾವುದೂ ನೆಟ್ಟಗಿರಲಿಲ್ಲ. ನಿಜಾಮರು ಭಾರತಕ್ಕೆ ಸೇರುವುದಿಲ್ಲ ಎಂದು ಕೂತಿದ್ದರು. ಅವರ ಪರವಾಗಿ ಖಾಕಿ ತೊಟ್ಟ ಗುಂಪುಗಳು ಹಳ್ಳಿಗಳಿಗೆ ನುಗ್ಗುತ್ತಿದ್ದವು. ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಗಡಿ ದಾಟಿ ಸೋಲಾಪುರದ ಕಡೆ ಹೋದವು. ಅತ್ತಲಿಂದ ಭಾರತ ಸರಕಾರ ನಾಕಾ ಬಿಗಿ ಮಾಡಿತು, ಉಪ್ಪು ಮತ್ತು ಔಷಧಿ ಬರುವುದು ನಿಂತಿತು. ಶಾಲೆಯಲ್ಲಿ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಯಾವ ಮಗು ಯಾಕೆ ಬರಲಿಲ್ಲ ಎಂದು ಕೇಳುವುದನ್ನು ನಾನೂ ಬಿಟ್ಟೆ.

ಮರುವರ್ಷ ಯುಗಾದಿಯ ಹೊತ್ತಿಗೆ ನನ್ನ ಮಗಳಿಗೆ ಗೊಬ್ಬರ ಎದ್ದಿತು. ದಡಾರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮೂರು ತುಂಬಿ ನಾಲ್ಕರಲ್ಲಿದ್ದಳು, ಒಬ್ಬಳೇ ಮಗಳು. ಜ್ವರ ಇಳಿದ ಮೇಲೂ ಅವ್ವ ಎರಡು ತಿಂಗಳು ಪಥ್ಯ ಬಿಡಲಿಲ್ಲ. ಸೊಪ್ಪು ಕೂಡದು, ಹಾಲು ಬೆಣ್ಣೆ ಕೂಡದು, ಬರೀ ಜೋಳದ ಗಂಜಿ. ಮಗು ಬೆಳ್ಳಗೆ ಬತ್ತಿತು. ಒಂದು ಸಂಜೆ ನನ್ನ ಹೆಂಡತಿ ಅಂಗಳದಿಂದ ಕರೆದಾಗ ಅವಳು ಗೋಡೆ ಸವರುತ್ತ ಬಂದಳು. ನಡುವೆ ಇದ್ದ ಒಳಕಲ್ಲಿಗೆ ಎಡವಿ ಬಿದ್ದಳು. ಎತ್ತಿಕೊಂಡರೆ, “ಎವ್ವಾ, ಇಷ್ಟ ಲಗು ಯಾಕ ಕತ್ತಲಾತು?” ಎಂದು ಕೇಳಿದಳು. ಹೊರಗೆ ಇನ್ನೂ ದನಗಳು ಮನೆಗೆ ಬಂದಿರಲಿಲ್ಲ.

ಮರುದಿನವೇ ರೈಲಿನಲ್ಲಿ ಬೀದರಕ್ಕೆ ಕರೆದೊಯ್ದೆ. ದವಾಖಾನೆಯ ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು. ಬಿಳಿಗುಡ್ಡೆಯ ಮೇಲೆ ಸಾಬೂನಿನ ನೊರೆಯಂಥ ಒಂದು ಮಚ್ಚೆ ಎದ್ದಿತ್ತು. ಇದು ಇರುಳುಗುರುಡು, ಈಗಲೇ ಮೀನಿನ ಈಲಿಯ, ಅಂದರೆ ಯಕೃತ್ತಿನ, ಎಣ್ಣೆ ಕುಡಿಸಿದರೆ ಹೋಗುತ್ತದೆ, ತಡಮಾಡಿದರೆ ಕಣ್ಣಿಗೆ ಹೂ ಬೀಳುತ್ತದೆ, ಆಮೇಲೆ ಹಗಲಿನಲ್ಲೂ ಕಾಣುವುದಿಲ್ಲ ಎಂದರು. ಎಣ್ಣೆ ಕೊಡಿ ಎಂದೆ. ಅವರು ಖಾಲಿ ಕಪಾಟು ತೆರೆದು ತೋರಿಸಿದರು.

ಎಣ್ಣೆ ಇದ್ದದ್ದು ನಮ್ಮ ಎದುರು ಮನೆಯಲ್ಲಿ. ನಾನು ಹೇಳುವಷ್ಟರಲ್ಲೇ ಜಹಾಜಿ ಒಳಗೆ ಹೋಗಿ ಬಾಟಲಿ ತಂದು ಕೈಗಿಟ್ಟ. “ಮುಶಿ ಮೀನಿಂದರಿ, ಈ ಊರಷ್ಟು ದೊಡ್ಡದಿರ್ತದ ಅದರ ಬಾಯಿ,” ಎಂದು ಕೈ ಅಗಲಿಸಿ ಶಾರ್ಕಿನ ಬಾಯಿ ತೋರಿಸಿ ಮಗುವನ್ನು ನಗಿಸಿದ. ನನ್ನ ಕಡೆ ತಿರುಗಿ, “ದಿನಾ ಒಂದ ಚಮಚಾ. ಮೂಗ ಹಿಡದು ನುಂಗಸ್ರಿ. ಹದಿನೈದು ದಿನದಾಗ ಕೂಸು ಸಂಜಿಮುಂದ ಓಡ್ಯಾಡ್ತದ,” ಅಂದ.

ಬಾಟಲಿ ಹೊಸ್ತಿಲು ದಾಟುವಷ್ಟರಲ್ಲಿ ಅವ್ವ ಅಡ್ಡ ನಿಂತಳು. ನಮ್ಮಲ್ಲಿ ಹುಟ್ಟಿದ ಮಗುವಿಗೇ ಲಿಂಗ ಕಟ್ಟುತ್ತಾರೆ. ಮಗಳ ಕೊರಳಲ್ಲೂ ಬಿಳಿ ಅರಿವೆಯಲ್ಲಿ ಸುತ್ತಿದ ಲಿಂಗವಿತ್ತು. “ಈ ಕೊರಳಾಗ ಮೀನ ಇಳಸ್ತಿಯೇನು?” ಎಂದು ಕೇಳಿದಳು. ನಾನು ಡಾಕ್ಟರ ಮಾತು ಹೇಳಿದೆ, ಔಷಧಕ್ಕೆ ದೋಷವಿಲ್ಲ ಎಂದೆ. ಅವ್ವ ಕೂಗಾಡುವವಳಲ್ಲ. ಸುಮ್ಮನೆ ಒಲೆಯ ಮುಂದೆ ಹೋಗಿ ಕೂತು ಊಟ ಬಿಟ್ಟಳು. ಎರಡನೆಯ ದಿನ ಅವಳೇ ಒಂದು ದಾರಿ ಕಂಡುಹಿಡಿದಳು.

“ಕಣ್ಣು ಉರದ್ರ ಔಡಲೆಣ್ಣಿ ಎಲ್ಲಿ ಹಚ್ತೀವಿ? ನೆತ್ತಿಗಿ, ಅಂಗಾಲಿಗಿ. ಅದು ಕಣ್ಣಿಗಿ ಹೋಗಿ ಮುಟ್ತದಿಲ್ಲ? ಇದನ್ನೂ ಹಂಗೇ ಹಚ್ಚೋಣು. ಎಣ್ಣಿ ಎಣ್ಣೀನೇ.”

ಶಾಲೆಯಲ್ಲಿ ಗುಡುಗುವ ನಾನು ಅವ್ವನ ಮುಂದೆ ನಾಲಗೆ ನುಂಗಿಕೊಂಡೆ. ಔಡಲೆಣ್ಣೆಯೇ ಬೇರೆ, ಇದೇ ಬೇರೆ, ಇದು ಹೊಟ್ಟೆಗೆ ಹೋಗಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಏನೋ ಸ್ವಲ್ಪ ಚರ್ಮದ ಮೂಲಕ ಒಳಗಿಳಿಯಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವ್ವ ದಿನಾ ಸಂಜೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಪ್ರೀತಿಯಿಂದ ತಿಕ್ಕುತ್ತಿದ್ದಳು. ಆ ವಾಸನೆಗೆ ಅವಳಿಗೆ ಓಕರಿಕೆ ಬರುತ್ತಿತ್ತು. ತಿಕ್ಕಿ ಮುಗಿದ ಮೇಲೆ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದಳು. ಬಾಗಿಲು ಹಾಕಿಯೇ ತಿಕ್ಕುತ್ತಿದ್ದಳು, ಮೀನೆಣ್ಣೆಯ ಮಾತನ್ನು ಕಟ್ಟೆಯ ಮೇಲೆ ಎತ್ತುತ್ತಿರಲಿಲ್ಲ. ಮೊಮ್ಮಗಳ ಮೇಲೆ ಅವಳಿಗೆ ಜೀವ. ಅದರಲ್ಲಿ ಅನುಮಾನವಿಲ್ಲ.

“ಹಚ್ಚಿದ್ರ ಹೊಟ್ಟಿಗಿ ಹೋಗ್ತದೇನ್ರಿ?” ಎಂದು ಹೆಂಡತಿ ಒಮ್ಮೆ ಮೆಲ್ಲಗೆ ಕೇಳಿದಳು. “ನೀವರ ಒಂದ ಚಮಚಾ ಕುಡಸ್ರಿ. ಅತ್ತಿಯವರು ನೋಡಲಾರದಂಗ.”

“ಸುಮ್ನಿರು. ನಿನಗೇನ ತಿಳೀತದ,” ಎಂದು ಗದರಿದೆ. ತಿಳಿದಿದ್ದು ಅವಳಿಗೇ.

ಜಹಾಜಿ ದಿನಾ ಬೆಳಗ್ಗೆ ಅಂಗಡಿಗೆ ಹೋಗುವಾಗ ನಮ್ಮ ಕಟ್ಟೆಯ ಮುಂದೆ ನಿಲ್ಲುತ್ತಿದ್ದ. “ಕೂಸು ಕುಡ್ಯಾಲತ್ತಾಳೇನ್ರಿ?” ಎಂದು ಕೇಳುತ್ತಿದ್ದ. “ಕುಡ್ಯಾಲತ್ತಾಳ,” ಎನ್ನುತ್ತಿದ್ದೆ. ನೀನು ತಿನ್ನುವುದು ನಮ್ಮ ಮಗುವಿನ ಬಾಯಿಗೆ ಮೈಲಿಗೆ ಎಂದು ಅವನ ಮುಖಕ್ಕೆ ಹೇಗೆ ಹೇಳಲಿ? ಹೇಳಿದ್ದರೆ ಬಹುಶಃ ನಕ್ಕು, ಬೈದು, ತಾನೇ ಬಂದು ಅವ್ವನ ಮನಸ್ಸು ತಿರುಗಿಸುತ್ತಿದ್ದನೇನೋ. ನನ್ನ ಸುಳ್ಳಿಗೆ ಆಗ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ. ಅದು ಹೇಡಿತನ.

ಒಂದು ಬಾಟಲಿ ಮುಗಿದು ಎರಡನೆಯದು ಬಂತು. ಮಗು ಈಗ ಹೊತ್ತು ಇಳಿಯುವ ಮುಂಚೆಯೇ ಮೂಲೆ ಸೇರುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಕೈ ಮುಂದೆ ಮಾಡಿ ಮುಟ್ಟಿ ಗುರುತಿಸುತ್ತಿದ್ದಳು. ಎಡಗಣ್ಣಿನ ಹೊಳಪು ಹೋಗಿ ಅದು ಧೂಳು ಕವಿದ ಹುಣಸೆ ಬೀಜದ ಹಾಗೆ ಮಂಕಾಯಿತು. ಜ್ಯೇಷ್ಠದ ಒಂದು ಬೆಳಗ್ಗೆ ಜಹಾಜಿ ತಾನೇ ಬಂದು ಅವಳನ್ನು ಬಾಗಿಲ ಬೆಳಕಿಗೆ ಹಿಡಿದು ಕಣ್ಣು ನೋಡಿದ.

“ಎಷ್ಟೋ ಕೂಸುಗಳಿಗಿ ಕೊಟ್ಟೀನಿ, ಮಾಸ್ತರ ಸಾಬ. ಹಿಂಗೆಂದೂ ಆಗಿಲ್ಲ. ಖರೇನೇ ದಿನಾ ನುಂಗಾಲತ್ತಾಳೇನ್ರಿ?”

ಅದೇ ಕೊನೆಯ ಅವಕಾಶ. ಅವ್ವ ಹಿತ್ತಿಲಲ್ಲಿದ್ದಳು, ಹೆಂಡತಿ ಒಳಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. “ಹೌದು,” ಎಂದೆ.

ಅದೇ ವಾರ ಅವನ ಗೆಳೆಯನ ಕಾರ್ಡು ಎಲ್ಲೆಲ್ಲೋ ಸುತ್ತಾಡಿ ಬಂತು. ಜಹಾಜಿಗೆ ಓದು ಬರುತ್ತಿರಲಿಲ್ಲ. ಗೆಳೆಯ ಉರ್ದುವಿನಲ್ಲಿ ಯಾರಿಂದಲೋ ಬರೆಸುತ್ತಿದ್ದ, ಇಲ್ಲಿ ನಾನು ಓದಿ ಹೇಳುತ್ತಿದ್ದೆ. ಹಿಂದಿನ ಮಳೆಗಾಲದಿಂದ ಸಮುದ್ರ ಬಂಜೆಯಾಗಿದೆ ಎಂದು ಅದರಲ್ಲಿತ್ತು. ಗಾಳಿ ಬರಲಿಲ್ಲ, ನೀರು ಸ್ನಾನದ ನೀರಿನಂತೆ ಬೆಚ್ಚಗೆ ಮಲಗಿದೆ. ಬೂತಾಯಿ ಮೀನಿನ ಹಿಂಡು ಬರಲೇ ಇಲ್ಲ. ಬೂತಾಯಿಯನ್ನು ನುಂಗಿ ಬೆಳೆಯುವ ಮುಶಿಗಳು ಬಡಕಲಾಗಿ ಬಂದಿವೆ, ಅವುಗಳ ಈಲಿ ಕುದಿಸಿದರೆ ಒಂದು ಬಟ್ಟಲು ಎಣ್ಣೆಯೂ ಇಳಿಯುವುದಿಲ್ಲ.

ಜಹಾಜಿ ಕಾರ್ಡನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಆಮೇಲೆ ತಟ್ಟನೆ ತಲೆಯೆತ್ತಿದ. “ತಪ್ಪು ಎಣ್ಣಿದೇ ಅದರಿ! ನಾ ಕೊಟ್ಟಿದ್ದು ಅದೇ ವರ್ಷದ ಎಣ್ಣಿ. ಉಪವಾಸ ಬಿದ್ದ ಮೀನಿನ ಎಣ್ಣಿದಾಗ ತಾಕತ್ತ ಎಲ್ಲಿಂದ ಬರಬೇಕು? ನೀವು ಓದಿದವರು, ಹೇಳ್ರಿ. ಹೌದೋ ಅಲ್ಲೋ?”

ನಾನು ಎದ್ದು ಶಾಲೆಗೆ ಹೋಗಿ ನಕ್ಷೆ ತಂದೆ. ಯಾಕೆ ತಂದೆ ಎಂದರೆ, ಸುಳ್ಳಿಗೆ ಒಂದು ಮನೆ ಸಿಕ್ಕಿತ್ತು. ಕಟ್ಟೆಯ ಮೇಲೆ ನಕ್ಷೆ ಹಾಸಿ ಕೆಂಪು ಬಾಣದ ಮೇಲೆ ಬೆರಳಿಟ್ಟೆ. ಗಾಳಿ ಸೋತರೆ ಮೇಲ್ನೀರು ಸರಿಯುವುದಿಲ್ಲ. ಬಿಸಿಲಿಗೆ ಕಾದು ಹಾಲಿನ ಮೇಲಿನ ಕೆನೆಯ ಹಾಗೆ ಅಲ್ಲೇ ಕೂರುತ್ತದೆ. ಕೆಳಗಿನ ತಣ್ಣೀರಿಗೆ ಮೇಲೆ ಬರಲು ದಾರಿಯಿಲ್ಲ. ಆ ನೀರಿನಲ್ಲಿ ಕರಗಿದ ಗೊಬ್ಬರ ಬೆಳಕಿಗೆ ಬರದಿದ್ದರೆ ಕಣ್ಣಿಗೆ ಕಾಣದಂಥ ಸಣ್ಣ ಹಸಿರು ಬೆಳೆಯುವುದಿಲ್ಲ. ಅದಿಲ್ಲದೆ ಬೂತಾಯಿಯಿಲ್ಲ, ಬೂತಾಯಿಯಿಲ್ಲದೆ ಮುಶಿಗೆ ಕೊಬ್ಬಿಲ್ಲ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿ. “ಅಂದಮ್ಯಾಲ ಎಣ್ಣಿಯೊಳಗ ಸತ್ವ ಇಲ್ಲ,” ಎಂದು ಕೊನೆಗೆ ಸೇರಿಸಿದೆ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರುವವನ ಹಾಗೆ ಹೇಳಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿದ್ದು ಅದೊಂದೇ ದಿನ, ಅಷ್ಟು ನಂಬಿ ಕೇಳಿದ ವಿದ್ಯಾರ್ಥಿಯೂ ಅವನೊಬ್ಬನೇ.

“ಹಂಗಾದ್ರ ನಾ ಹೋಗ್ತೇನಿ,” ಅಂದ. “ದೋಸ್ತನ ಹಂತ್ಯಾಕ ಅದರ ಮುಂಚಿನ ವರ್ಷದ ಎಣ್ಣಿ ಇರ್ತದ. ಹವಾ ಛಲೋ ಬೀಸಿದ ವರ್ಷದ್ದು. ಮನಿಗಂತ ಬರಣಿದಾಗ ಹುಗದು ಇಟ್ಟಿರ್ತಾನ.”

ಅವನು ಹೋಗುತ್ತಾನೆ ಎಂದು ನಾನು ಎಣಿಸಿಯೇ ಇರಲಿಲ್ಲ. ಹುಮನಾಬಾದ ದಾಟಿ ಸೋಲಾಪುರದ ರಸ್ತೆ ಹಿಡಿಯಬೇಕು. ಆ ರಸ್ತೆಯಲ್ಲಿ ಗಡಿಯ ಈಚೆ ಖಾಕಿ ಗುಂಪುಗಳು, ಆಚೆ ಬಂದೂಕಿನ ಸಿಪಾಯಿಗಳು. ಹೆಸರು ಕೇಳಿ ಹೊಡೆಯುವ ಕಾಲ ಅದು, ಯಾವ ಕಡೆ ಯಾವ ಹೆಸರು ಎಂಬುದಷ್ಟೇ ವ್ಯತ್ಯಾಸ. “ಈಗ ಹೋಗಬ್ಯಾಡ್ರಿ. ದಾರಿ ಕೆಟ್ಟದ,” ಎಂದೆ. ಎರಡು ದಿನ ಹೇಳಿದೆ, ಕೈ ಹಿಡಿದು ಹೇಳಿದೆ. ಅವನು ಹೋಗದಂತೆ ಮಾಡುವ ಮಾತು ಬೇರೆಯೇ ಇತ್ತು, ಅದು ಬಾಯಿಗೆ ಬರಲಿಲ್ಲ.

“ಬಾಯ್ಲರ್ ಮುಂದ ನಿಂತಾವ ನಾನು,” ಎಂದು ನಕ್ಕ. “ಕೂಸಿನ ಕಣ್ಣು ದಾರಿ ಕಾಯಂಗಿಲ್ಲರಿ.”

ಸರಕಾರಿ ಚೀಟಿ, ಗುರುತಿನವರು, ಅದು ಇದು ಎಂದು ಹೊಂದಿಸಿಕೊಂಡು ಅವನು ಹೊರಟಾಗ ಶ್ರಾವಣ ಬಂದಿತ್ತು. ಆ ವರ್ಷ ಗಾಳಿ ತಿರುಗಿ ಬಂದಿತ್ತು. ಮಾಳಿಗೆಯ ಮೇಲೆ ಚಿಂದಿ ಪಟಪಟ ಬಡಿದುಕೊಳ್ಳುತ್ತಿತ್ತು. ಅವನು ತಲೆಯೆತ್ತಿ ನೋಡಿ, “ಈ ವರ್ಷ ದರಿಯಾ ತುಂಬ್ತದರಿ, ಮಾಸ್ತರ ಸಾಬ,” ಎಂದು ಖುಷಿಯಿಂದ ಹೇಳಿದ. ಗಣೇಶನ ಹಬ್ಬದೊಳಗೆ ಬರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ನನ್ನ ಮಗಳು ಅವನ ಗಡ್ಡ ಮುಟ್ಟಿ ಗುರುತು ಹಿಡಿದು ನಕ್ಕಳು. ಆಗ ಬೆಳಗಿನ ಎಂಟು ಗಂಟೆ.

ಗಣೇಶನ ಹಬ್ಬ ಆಗಿಹೋಯಿತು. ಅವನು ಬರಲಿಲ್ಲ. ಒಂದು ದಿನ ಶಾಲೆಯ ಮೇಲೆ ವಿಮಾನ ಹಾರಿತು. ಸೋಲಾಪುರದ ರಸ್ತೆಯಿಂದಲೇ ಸೇನೆ ಒಳಗೆ ಬರುತ್ತಿದೆ, ದಾರಿಯುದ್ದ ಗುಂಡುಗಳು ಹಾರುತ್ತಿವೆ ಎಂದು ಸುದ್ದಿ ಬಂತು. ಜಹಾಜಿ ಬರಬೇಕಾದದ್ದೂ ಅದೇ ರಸ್ತೆಯಿಂದ. ಕೆಲವೇ ದಿನಗಳಲ್ಲಿ ಎಲ್ಲ ಮುಗಿದು ನಿಜಾಮರು ಶರಣಾದರು. ಪೋಲೀಸ್ ಆ್ಯಕ್ಷನ್ ಎಂದು ಅದಕ್ಕೆ ಆಮೇಲೆ ಹೆಸರು ಬಂತು. ಊರಲ್ಲಿ ಸಕ್ಕರೆ ಹಂಚಿದರು. ನಾನೂ ಬೀದಿಗೆ ಬಂದು ಜೈಕಾರ ಹಾಕಿದೆ, ಸುಳ್ಳೇಕೆ ಹೇಳಲಿ. ಮನೆಗೆ ತಿರುಗಿದಾಗ ಎದುರು ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಾಯಲ್ಲಿನ ಸಕ್ಕರೆ ಕಹಿಯಾಯಿತು.

ಸೇನೆ ಮುಂದೆ ಹೋದ ಮೇಲೆ ಸೇಡಿನ ದಿನಗಳು ಬಂದವು. ಖಾಕಿ ಗುಂಪಿನವರು ಮಾಡಿದ್ದಕ್ಕೆ, ಅವರ ಜೊತೆ ಸೇರದ ಬಡ ಮುಸ್ಲಿಮರ ಮನೆಗಳನ್ನೂ ಹುಡುಕತೊಡಗಿದರು. ಒಂದು ಮುಂಜಾನೆ ಅವ್ವ ಯಾರನ್ನೂ ಕೇಳದೆ ಬೀದಿ ದಾಟಿ ಜಹಾಜಿಯ ಹೆಂಡತಿಯ ರಟ್ಟೆ ಹಿಡಿದು ಕರೆತಂದಳು. “ನಡಿಯವ್ವಾ, ನಮ್ಮ ಮನಿಗಿ,” ಎಂದಷ್ಟೇ ಅಂದಳು. ಅವಳನ್ನು ಕೂರಿಸಿದ್ದು ಎಲ್ಲಿ ಎಂದರೆ ಪೂಜೆಯ ಕೋಣೆಯಲ್ಲಿ. ಮಧ್ಯಾಹ್ನ ಬಡಿಗೆ ಹಿಡಿದ ಏಳೆಂಟು ಜನ ಬಂದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅವ್ವ ಬಾಗಿಲಿಗೆ ಅಡ್ಡ ನಿಂತು, “ಒಳಗ ನನ್ನ ಮಗಳದಾಳ. ಬೇಕಾದ್ರ ನನ್ನ ತುಳದು ಒಳಗ ಹೋಗ್ರಿ,” ಎಂದಳು. ಅವರು ತಲೆ ತಗ್ಗಿಸಿ ಹೋದರು. ಸ್ಟೇಷನ್ ರಸ್ತೆಯ ಅಂಗಡಿಯನ್ನು ಮಾತ್ರ ಸುಟ್ಟರು. ಮೀನಿನ ಎಣ್ಣೆ ಉರಿದ ವಾಸನೆ ಎರಡು ದಿನ ಊರೊಳಗಿತ್ತು.

ಜಹಾಜಿಯ ಹೆಂಡತಿ ಉಟ್ಟ ಸೀರೆಯ ಜೊತೆ ಒಂದು ಗಂಟು ತಂದಿದ್ದಳು. ಅದರಲ್ಲಿ ಎರಡು ಬಟ್ಟೆ, ಮತ್ತೆ ಆ ಎಣ್ಣೆಯ ಒಂದು ಬಾಟಲಿ. ಏನು ಬಿಟ್ಟರೂ ಇದನ್ನು ಬಿಡಬೇಡ, ಸತ್ವ ಕಡಿಮೆಯಾದರೂ ಕೂಸಿಗೆ ನಿಲ್ಲಿಸಬಾರದು ಎಂದು ಅವನು ಹೇಳಿ ಹೋಗಿದ್ದನಂತೆ. ಆ ಸಂಜೆ ಅವ್ವ ಎಂದಿನಂತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಅಂಗಾಲಿಗೆ ಎಣ್ಣೆ ತಿಕ್ಕತೊಡಗಿದಳು.

“ಇದೇನು, ಅವ್ವಾ? ಕುಡಸಂಗಿಲ್ಲೇನ್ರಿ?” ಎಂದು ಜಹಾಜಿಯ ಹೆಂಡತಿ ಬಾಗಿಲಿಗೆ ಬಂದು ಕೇಳಿದಳು.

ಅವ್ವನಿಗೆ ನನ್ನ ಸುಳ್ಳಿನ ಸಂಗತಿ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಲಿಂಗ ಕಟ್ಟಿದ ಕೊರಳು, ಹ್ಯಾಂಗ ಕುಡಸಬೇಕವ್ವಾ? ಮದಲಿನಿಂದ ಹಚ್ಚಕೋತನೇ ಬಂದೀವಿ.”

ಅವಳು ನನ್ನ ಕಡೆ ತಿರುಗಿದಳು. “ಮಾಸ್ತರ, ನೀವು ಕುಡ್ಯಾಲತ್ತಾಳ ಅಂದಿದ್ರಿ.” ಬಾಟಲಿ ತೋರಿಸಿ, “ಎಣ್ಣಿ ಕಮಜೋರ ಅದ ಅಂತ ಅವರು ಹೋದ್ರು,” ಎಂದಳು. ಕೂಗಲಿಲ್ಲ, ಅಳಲಿಲ್ಲ. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

“ಏನ ಹೇಳಿದ್ದಿ ನೀ ಅವಗ?” ಎಂದು ಅವ್ವ ಕೇಳಿದಳು. ಎಲ್ಲವನ್ನೂ ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂರುವ ಧೈರ್ಯವಾಗಲಿಲ್ಲ. ಅವ್ವ ಎಣ್ಣೆ ಹತ್ತಿದ ತನ್ನ ಎರಡೂ ಕೈಗಳನ್ನು ನೋಡುತ್ತ ಬಹಳ ಹೊತ್ತು ಕೂತಳು. ನನ್ನ ತಪ್ಪಿನಲ್ಲಿ ತನ್ನ ಪಾಲೆಷ್ಟು ಎಂದು ಅವಳು ಲೆಕ್ಕ ಹಾಕುತ್ತಿದ್ದಳು ಅನಿಸುತ್ತದೆ. ಆಮೇಲೆ ಮಗುವನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡಳು. ಕೊರಳ ಲಿಂಗವನ್ನು ಅಂಗೈಯಲ್ಲಿ ಪೂರಾ ಮುಚ್ಚಿ ಹಿಡಿದಳು. “ಕುಡಸವ್ವಾ,” ಎಂದು ಜಹಾಜಿಯ ಹೆಂಡತಿಗೆ ಹೇಳಿದಳು. ಅವಳೇ ಚಮಚಕ್ಕೆ ಎಣ್ಣೆ ಸುರಿದು ಮಗುವಿನ ಮೂಗು ಹಿಡಿದು ಕುಡಿಸಿದಳು. ಕೈ ಅಲುಗಲಿಲ್ಲ.

ಅಂದಿನಿಂದ ದಿನಾ ಅವಳೇ ಕುಡಿಸಿದಳು. ಊರು ಸ್ವಲ್ಪ ತಣ್ಣಗಾದ ಮೇಲೆ ತನ್ನ ಮನೆಗೆ ಮರಳಿದಳು, ಆದರೂ ಎಣ್ಣೆಯ ಹೊತ್ತಿಗೆ ತಪ್ಪದೆ ಬರುತ್ತಿದ್ದಳು. ನನ್ನ ಜೊತೆ ಮಾತಿರಲಿಲ್ಲ. ಟಪಾಲು ಮತ್ತೆ ಶುರುವಾದ ಮೊದಲ ವಾರದಲ್ಲಿ ಕರಾವಳಿಯಿಂದ ಒಂದು ಕಾರ್ಡು ಬಂತು. ಓದಿ ಹೇಳುವವನು ನಾನೊಬ್ಬನೇ. ಅವಳು ಕಾರ್ಡನ್ನು ತಂದು ಮಾತಿಲ್ಲದೆ ನನ್ನ ಮುಂದೆ ಹಿಡಿದಳು.

ದೋಸ್ತನಿಗೆ ಸಲಾಮು, ಸುಖವಾಗಿ ಮನೆ ಮುಟ್ಟಿದೆಯಾ ಎಂದು ಶುರುವಾಗಿತ್ತು. ನೀನು ಎರಡು ಬಾಟಲಿ ಕಟ್ಟಿಕೊಂಡು ಹೊರಟು ಹೋದ ಮೇಲೆ ಸುದ್ದಿಯಿಲ್ಲ. ಈ ಸಲ ಗಾಳಿ ಬಂದಿದೆ, ನೀರು ತಣ್ಣಗಾಗಿದೆ, ಬೂತಾಯಿ ದಡಕ್ಕೇ ಬಂದು ಬೀಳುತ್ತಿದೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ಅವುಗಳ ಮೇಲೆ ಕಣ್ಣು ಓಡಿಸಿದೆ. ಬಿಟ್ಟುಬಿಡಬಹುದಿತ್ತು. ಅವಳಿಗೆ ಹೇಗೆ ತಿಳಿಯಬೇಕು? ನಾನು ಬಿಡದೆ ಓದಿದೆ. ‘ನೀನು ಹಟ ಮಾಡಿದೆ. ಬಡಕಲು ಮೀನಿನ ಈಲಿಯಲ್ಲಿ ಎಣ್ಣೆ ಕಡಿಮೆ ಇಳಿಯುತ್ತದೆ, ಆದರೆ ಇಳಿದಷ್ಟು ಎಣ್ಣೆ ಹೆಚ್ಚು ಗಟ್ಟಿ, ಕಣ್ಣಿಗೆ ಅದೇ ಒಳ್ಳೆಯದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮಾಸ್ತರರು ನಕ್ಷೆಯಲ್ಲಿ ತೋರಿಸಿ ಹೇಳಿದ್ದಾರೆ ಎಂದೆ ನೀನು. ಮಗುವಿನ ಕಣ್ಣು ಹೇಗಿದೆ ಬರೆಸು.’

ಅವಳು ಕಾರ್ಡು ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಉತ್ತರ ಬರೆಯಲು ಹೇಳಲಿಲ್ಲ. ಜಹಾಜಿಯನ್ನು ಸೋಲಾಪುರದ ಈಚೆಗೆ ನೋಡಿದವರು ಯಾರೂ ನನಗೆ ಇಂದಿಗೂ ಸಿಕ್ಕಿಲ್ಲ.

ಅಂದು ಸಂಜೆ ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಹೊತ್ತು ಮುಳುಗಿ ಬೀದಿಯೆಲ್ಲ ಮಬ್ಬಾಗಿತ್ತು. ಎಡಗಣ್ಣಿಗೆ ಆಗಲೇ ಹೂ ಬಿದ್ದಿತ್ತು, ಅದು ಮತ್ತೆ ತಿಳಿಯಾಗಲಿಲ್ಲ. ಅವಳು ನನ್ನ ಅಂಗಿಯ ಗುಂಡಿಯ ಜೊತೆ ಆಡುತ್ತಿದ್ದವಳು ಕೈ ಬಿಟ್ಟು ಎದುರಿಗೆ ನೋಡಿದಳು.

“ಅಪ್ಪಾ, ಚಾಚಿ ಬಾಗಲಾಗ ನಿಂತಾಳ.”

“ಯಾರು ಹೇಳಿದ್ರು ನಿನಗ?” ಎಂದೆ.

“ಕಾಣಾಲತ್ತದ. ರಸ್ತಾದ ಕಡಿ ನೋಡ್ಕೋತ ನಿಂತಾಳ. ಯಾರ ಬರಾಲತ್ತಾರಪ್ಪಾ?”

ಬೀದಿಯಲ್ಲಿ ಯಾವ ಮನೆಯಲ್ಲೂ ಇನ್ನೂ ದೀಪ ಹಚ್ಚಿರಲಿಲ್ಲ.